ಸಾವಂತ್ರಮ್ಮನ ಜೀವನಾಂಶದ ಅರ್ಜಿ

ಅರ್ಜಿ ಬರೆಯೋನಿಗೆ ಕೋರ್ಟಿನೊಳಗೆ ಬಾಯಿ ಇಲ್ಲ, ಹೊರಗೆ ಎಷ್ಟು ಬೇಕಾದ್ರೂ ಐತೆ. ನಾನು ಸುಬಾನಸಾಬ. ಚನ್ನಗಿರಿ ಕೋರ್ಟಿನ ಮುಂದೆ ಚಾಪೆ ಹಾಸ್ಕೊಂಡು ಹನ್ನೆರಡು ವರ್ಷದಿಂದ ಗಂಡ-ಹೆಂಡಿರ ಜಗಳಾನ ಕಾಗದಕ್ಕೆ ಇಳಿಸ್ತಾ ಇದೀನಿ. ಜಗಳ ಎಷ್ಟೇ ಖಾರ ಇರ್ಲಿ, ಅರ್ಜಿಯಾಗೆ ಉಪ್ಪಿಲ್ಲದ ಸಾರಾಗ್ತೈತೆ. ಕಾನೂನಿನ ಭಾಷೆನೇ ಹಂಗೆ.

ಮೂವತ್ತೆಂಟನೇ ಇಸವಿ ಬೇಸಿಗೇಲಿ ನಲ್ಲೂರಿನ ಸಾವಂತ್ರಮ್ಮ ತನ್ನ ಅವ್ವನ್ನ ಕರ್ಕೊಂಡು ಬಂದ್ಲು. ಒಂಬತ್ತು ವರ್ಷ ಬಾಳ್ವೆ ಮಾಡಿದ ಗಂಡ ಕೆರೆಬಿಳಚಿಯಿಂದ ಇನ್ನೊಬ್ಬಳನ್ನ ಕಟ್ಕೊಂಡು ಬಂದು ಇವಳನ್ನ ಆಚೆಗೆ ಅಟ್ಟಿದ್ದ. ಹೊಟ್ಟೆಪಾಡಿಗೆ ಜೀವನಾಂಶ ಕೇಳಬೇಕಿತ್ತು.

"ಗಂಡನ ಹೆಸರೇನವ್ವಾ?" ಅಂದೆ. ಸೆರಗು ಬಾಯಿಗೆ ಒತ್ಕೊಂಡು ಅವ್ವನ ಕಡೆ ತಿರುಗಿದ್ಲು. ಅವರವ್ವನೇ "ಸಣ್ಣಪ್ಪ ಅಂತ ಬರ್ಕೊಳ್ರಿ" ಅಂದ್ಲು. ಬರ್ಕೊಂಡೆ.

ವಿಚಾರಣೆ ದಿನ ಸಣ್ಣಪ್ಪ ಹೊಸ ರುಮಾಲು ಸುತ್ಕೊಂಡು ಬಂದ. ಅವನ ವಕೀಲರು ಎದ್ದು, "ಖಾವಂದರೇ, ಈಕೆ ನನ್ನ ಕಕ್ಷಿದಾರನ ಹೆಂಡತಿಯೇ ಅಲ್ಲ. ಮನೆಗೆಲಸಕ್ಕೆ ಇದ್ದ ಹೆಂಗಸು" ಅಂದ್ರು. ಥೂ, ನನ್ನ ಮೈಯೆಲ್ಲಾ ಉರಿದೋಯ್ತು! ಧಾರೆ ಎರೆದ ಅಪ್ಪ ಸತ್ತೋಗಿದ್ದ. ಮದುವೆ ನೋಡಿದೋರೆಲ್ಲ ಸಣ್ಣಪ್ಪನ ಕಡೆಯೋರು, ಅವತ್ತು ಉಂಡ ಊಟನೂ ಮರೆತಿದ್ರು. ಅವ್ವ ಅತ್ತು ಕರೆದು ಹೇಳಿದ ಸಾಕ್ಷಿನ, ಮಗಳ ಪರ ಹೇಳದೆ ಇನ್ನೇನು ಹೇಳ್ತಾಳೆ ಅಂತ ವಕೀಲರು ತಳ್ಳಿಹಾಕಿದ್ರು.

"ಗಂಡ ಅಂತೀಯಲ್ಲ, ಅವನ ಹೆಸರೇನು ಹೇಳು" ಅಂದ್ರು. ಸಾವಂತ್ರಮ್ಮ ತಲೆ ಬಗ್ಗಿಸಿದ್ಲು. "ನೋಡಿ ಖಾವಂದರೇ! ಹೆಸರೇ ಗೊತ್ತಿಲ್ಲ. ಇಂಗ್ಲೆಂಡಿನ ಕೋರ್ಟಾದ್ರೆ ಇಂಥಾ ಅರ್ಜಿನ ಬಾಗಿಲಲ್ಲೇ ತಡೀತಾರೆ!" ಮಾತೆತ್ತಿದ್ರೆ ಇಂಗ್ಲೆಂಡು. ಪುಣ್ಯಾತ್ಮ ಶಿವಮೊಗ್ಗ ದಾಟಿದೋರಲ್ಲ.

ಮ್ಯಾಜಿಸ್ಟ್ರೇಟರು ಗಡಿಯಾರ ನೋಡಿ, "ಊಟ ಆದಮೇಲೂ ಹಿಂಗೇ ನಿಂತ್ರೆ ಅರ್ಜಿ ವಜಾ" ಅಂತ ಎದ್ದುಹೋದ್ರು.

ಹೊರಗೆ ಬಂದೋಳನ್ನ ಹಿಡ್ಕೊಂಡೆ. "ಹೇಳೇ ಬಿಡು ತಂಗೀ!"

"ಹೆಂಗೆ ಹೇಳ್ಲಿ ಸಾಬ್ರೇ? ಹೆಸರು ಹೇಳಿದ್ರೆ ಅವರ ಆಯಸ್ಸು ಕಮ್ಮಿ ಆಗ್ತೈತಂತೆ."

"ಆದ್ರೆ ಆಗ್ಲಿ ಬಿಡವ್ವ!"

ನಕ್ಕೇಬಿಟ್ಲು. ಆಮೇಲೆ ಕಣ್ಣಾಗೆ ನೀರು ಬಂತು. ಮನೆಯಿಂದ ಅಟ್ಟಿದೋನ ಆಯಸ್ಸು ಕಾಯಾಕೆ ಕೂತಿದ್ಲು, ಅಯ್ಯೋ ಪಾಪ ಅನ್ನಿಸ್ತು. ನನಗೆ ಸಣ್ಣಪ್ಪನ ಸಿಟ್ಟು ಗೊತ್ತಿತ್ತು. ಸಂತೇಲಿ ಯಾರೋ "ಲೇ" ಅಂದ್ರು ಅಂತ ಬಾರುಕೋಲು ಎತ್ಕೊಂಡು ಹೋಗಿದ್ದೋನು. ಅದಕ್ಕೇ ಅಂದೆ, "ಬರೀ ಹೇಳಬ್ಯಾಡ. ಅವನ ಮುಖ ನೋಡ್ಕೊಂಡು 'ಲೇ' ಸೇರ್ಸಿ ಕೂಗು."

"ಅಯ್ಯಯ್ಯೋ, ಹೊಡೀತಾರೆ!"

"ಮ್ಯಾಜಿಸ್ಟ್ರೇಟರ ಮುಂದೆನಾ? ಹೊಡೀಲಿ, ನೋಡಾನ."

ಮಧ್ಯಾಹ್ನ ವಕೀಲರು ಮೀಸೆ ಒರೆಸ್ಕೊಂಡು ಮತ್ತೆ ಕೇಳಿದ್ರು. ಸಾವಂತ್ರಮ್ಮ ಕಟಕಟೆ ಗಟ್ಟಿ ಹಿಡ್ಕೊಂಡ್ಲು. ಬಾಯಿ ತೆರೆದ್ಲು, ಮುಚ್ಚಿದ್ಲು. ಕಿಟಕಿ ಹೊರಗೆ ನಿಂತಿದ್ದ ನಾನು ಸರಳಿಗೆ ಮುಖ ಒತ್ತಿ ನೋಡ್ತಿದ್ದೆ.

"ಲೇ ಸಣ್ಣಪ್ಪಾ!"

ಸಣ್ಣಪ್ಪ ಬೆಂಚಿನಿಂದ ನೆಗೆದೆದ್ದ. "ಏನಂದೆ? ತಾಳಿ ಕಟ್ಟಿದ ಗಂಡನ್ನ ಹೆಸರಿಡಿದು ಕರೀತೀಯೇನೇ, ಮಾನಗೆಟ್ಟೋಳೇ!"

ವಕೀಲರು ಅವನ ಪಂಚೆ ಹಿಡಿದು ಎಳೆದ್ರು. ಎಳೆದು ಏನು ಬಂತು, ಮಾತು ಬಾಯಿ ದಾಟಿತ್ತು. ಮ್ಯಾಜಿಸ್ಟ್ರೇಟರು ಗುಮಾಸ್ತನ ಕಡೆ ತಿರುಗಿ, "ಅವನು ಹೇಳಿದ ಹಾಗೇ ಬರ್ಕೊಳ್ಳಿ. ಒಂದಕ್ಷರ ಬಿಡಬೇಡಿ" ಅಂದ್ರು. ಕೋರ್ಟೆಲ್ಲ ಗೊಳ್ಳಂತ ನಕ್ಕಿತು.

ಪ್ರತಿ ತಿಂಗಳು ಒಂದನೇ ತಾರೀಕು ಆರು ರೂಪಾಯಿ ಕೊಡಬೇಕು ಅಂತ ಆರ್ಡರಾಯ್ತು. ಮೆಟ್ಟಿಲ ಹತ್ರ ಸಣ್ಣಪ್ಪ ಬೆಣ್ಣೆ ಹಂಗೆ ಮೆತ್ತಗಾಗಿ ಬಂದ. "ಆಗಿದ್ದಾಯ್ತು. ದುಡ್ಡು ಕಾಸು ಎಲ್ಲ ಯಾಕೆ? ಬಾ, ಮನೆಗೆ ಹೋಗಾನ."

ಅವ್ವ ಮಗಳ ಮುಖ ನೋಡಿದ್ಲು. ನನಗೂ ದಿಗಿಲಾಯ್ತು, ಎಲ್ಲಿ ಹೊರಟೇಬಿಡ್ತಾಳೋ ಅಂತ.

ಸಾವಂತ್ರಮ್ಮ ಅವನನ್ನ ರುಮಾಲಿನಿಂದ ಕೆರದವರೆಗೂ ನಿಧಾನಕ್ಕೆ ನೋಡಿದ್ಲು.

"ಒಂದನೇ ತಾರೀಕು ತಪ್ಪಿಸಬ್ಯಾಡ ಕಣೋ, ಸಣ್ಣಪ್ಪ" ಅಂದ್ಲು.