ನಕಾಶೆ ಮಡಚಿಟ್ಟ ವರ್ಷ

ಗ್ಲೆನಿಸ್ ಜಿಪಿಎಸ್ ಕೊಂಡದ್ದು ದಾರಿ ಗೊತ್ತಾಗಲಿ ಎಂದಲ್ಲ. ಫ್ರಾನ್ಸಿನ ಕ್ಯಾಲೆ ಬಂದರಿನಿಂದ ದೋರ್ದೋನ್ ಕಣಿವೆಯ ಆ ಬಾಡಿಗೆ ಮನೆಯವರೆಗಿನ ದಾರಿ ಅವಳಿಗೆ ಬಾಯಿಪಾಠ. ಇಪ್ಪತ್ತಾರು ವರ್ಷ, ಪ್ರತಿ ಆಗಸ್ಟಿನಲ್ಲೂ, ತೊಡೆಯ ಮೇಲೆ ನಕಾಶೆ ಹರಡಿಕೊಂಡು "ಎಡಕ್ಕೆ, ಈಗ ಬಲಕ್ಕೆ, ಅಯ್ಯೋ ದಾಟೇಹೋಯ್ತು" ಎಂದು ಗಂಟಲು ಹರಿದುಕೊಂಡವಳು ಅವಳೇ ತಾನೆ? ಅವಳು ಆ ಡಬ್ಬಿ ಕೊಂಡದ್ದು ಸ್ಟೇರಿಂಗಿಗಾಗಿ.

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನಲ್ಲಿ ಹದಿನೆಂಟು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದ ಹೆಂಗಸು ಆಕೆ. ಹಿಮ ಬಿದ್ದು ಜಾರುವ ಏರುಗಳಲ್ಲಿ, ಹಿಂದೆ ನಲವತ್ತು ಮಕ್ಕಳ ರಂಪಾಟ ಇಟ್ಟುಕೊಂಡು, ಬಸ್ಸಿಗೆ ಒಂದು ಗೀರು ಬೀಳದಂತೆ ನೋಡಿಕೊಂಡವಳು. ಅದೆಲ್ಲ ಊರಿನಲ್ಲಿ. ಕಾರು ಸಮೇತ ಹಡಗಿನಿಂದ ಇಳಿದು ಫ್ರಾನ್ಸಿನ ನೆಲ ಮುಟ್ಟಿದ ಕೂಡಲೇ ಅವಳ ಗಂಡ ಡೆಸ್ಮಂಡನ ಪ್ರಕಾರ ಆ ಕಾರಿನಲ್ಲಿ ಓಡಿಸಲು ಬರುವವನು ಒಬ್ಬನೇ.

"ನೀನು ಓಡಿಸಿದ್ರೆ ನಕಾಶೆ ಯಾರೇ ನೋಡ್ತಾರೆ? ನಾನು ನೋಡಿದ್ರೆ ವಾಂತಿ ಬರುತ್ತೆ ಅಂತ ಗೊತ್ತಲ್ಲ ನಿಂಗೆ."

ಅದು ಸುಳ್ಳೇನೂ ಅಲ್ಲ. ಓಡುವ ಕಾರಿನಲ್ಲಿ ಎರಡು ಸಾಲು ಓದಿದರೆ ಸಾಕು, ಅವನ ಮುಖ ಬಿಳುಚಿಕೊಳ್ಳುತ್ತಿತ್ತು. ಆದ್ದರಿಂದಲೇ ಪ್ರತಿ ವರ್ಷ ಅವಳು ಕೇಳುವುದು, ಪ್ರತಿ ವರ್ಷ ಅವನು ಅದೇ ಮಾತು ಹೇಳುವುದು, ಅವಳು ಬಾಯಿ ಮುಚ್ಚಿಕೊಂಡು ನಕಾಶೆ ಹರಡುವುದು. ಎಂಥ ಅನ್ಯಾಯ ನೋಡಿ, ಗಂಡನ ಹೊಟ್ಟೆ ತೊಳಸುತ್ತದೆ ಎಂದು ಹೆಂಡತಿಯ ಕೈ ಕಟ್ಟಿಹಾಕುವುದು!

ಈ ವರ್ಷ ಬಸ್ ಡಿಪೋದಲ್ಲಿ ಗೆಳತಿ ಮೇವಿಸ್ ಹೇಳಿದ್ದಳು, "ಕೊಂಡ್ಕೊಂಡು ಏನ್ ಮಾಡ್ತೀಯೇ? ಬಾಡಿಗೆಗೆ ಕೊಡ್ತಾರಲ್ಲ, ಎರಡು ವಾರ ಇಟ್ಕೊಂಡು ವಾಪಸ್ ಕೊಟ್ಬಿಡು."

"ಅದಕ್ಕೇ ಬೇಡ," ಎಂದಿದ್ದಳು ಗ್ಲೆನಿಸ್. "ವಾಪಸ್ ಕೊಟ್ಬಿಟ್ರೆ ಮುಂದಿನ ವರ್ಷ ಅವನು ಮತ್ತೆ ನಕಾಶೆ ಕೈಗೆ ಕೊಡ್ತಾನೆ. ನಂದೇ ಒಂದಿರ್ಲಿ."

ತನ್ನ ಸಂಬಳದಲ್ಲಿ ಕೊಂಡಳು. ಯುರೋಪಿನ ರಸ್ತೆಗಳೆಲ್ಲ ಅದರಲ್ಲಿವೆಯೇ ಎಂದು ಅಂಗಡಿಯವನನ್ನು ಮೂರು ಸಲ ಕೇಳಿ, ಅವನ ಎದುರಿಗೇ ಹಾಕಿಸಿ ನೋಡಿ ಕೊಂಡಳು. ಕಾರಿನ ವಿಮೆಗೂ ತನ್ನ ಹೆಸರು ಸೇರಿಸಿ, ಆ ಕಾಗದವನ್ನು ಕೈಚೀಲದ ಒಳಜೇಬಿನಲ್ಲಿಟ್ಟುಕೊಂಡಳು. ಗಂಡ ಎತ್ತಬಹುದಾದ ಒಂದೊಂದು ತಕರಾರನ್ನೂ ಮನಸ್ಸಿನಲ್ಲೇ ಎಣಿಸಿ ಉತ್ತರ ಹೊಂದಿಸಿಟ್ಟಳು.

ಕ್ಯಾಲೆಯಲ್ಲಿ ಹಡಗಿಳಿದು, ಬಂದರಿನ ಹೊರಗೆ ಕಾರು ನಿಲ್ಲಿಸಿ ಇಬ್ಬರೂ ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಅವಳು ಡಬ್ಬಿಯನ್ನು ತೆಗೆದು ಗಾಜಿಗೆ ಅಂಟಿಸಿದಳು. ಒಳಗಿನಿಂದ ಹೆಣ್ಣು ದನಿಯೊಂದು ಮುಂದೆ ಬಲಕ್ಕೆ ತಿರುಗಬೇಕೆಂದು ಹೇಳಿತು. ಡೆಸ್ಮಂಡನ ಮುಖ ಊರಗಲವಾಯಿತು.

"ನಂಗಾ ಇದು? ಭಲೇ! ಇನ್ಮೇಲೆ ನೀನು ಆರಾಮಾಗಿ ನಿದ್ದೆ ಮಾಡ್ಬಹುದು ಕಣೇ. ಇವಳು ನೋಡು, ಎದುರು ಮಾತೂ ಆಡಲ್ಲ."

"ನಿಂಗಲ್ಲ, ನಂಗೆ. ನಕಾಶೆ ನೋಡೋರು ಇನ್ನು ಬೇಕಾಗಿಲ್ಲ. ಇಳಿ, ನಾನು ಓಡಿಸ್ತೀನಿ."

ಅವನ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಬಾಯಿಗೆ ಹೋಗಲಿಲ್ಲ. ವಿಮೆಯ ಮಾತೆತ್ತಿದ. ಅವಳು ಕಾಗದ ತೋರಿಸಿದಳು. ಇಲ್ಲಿ ರಸ್ತೆಯ ಬಲಗಡೆ ಹೋಗಬೇಕು, ನಿನಗೆ ಅಭ್ಯಾಸವಿಲ್ಲ ಎಂದ. ಅಭ್ಯಾಸ ಮಾಡಿಕೊಳ್ಳಲು ಬಿಟ್ಟವರು ಯಾರು ಎಂದು ಅವಳು ಕೇಳಿದಳು. ಕೊನೆಗೆ ಅವನು, "ಬಂದರಿನ ಗದ್ದಲ ದಾಟ್ಲಿ ತಡಿ, ಮುಂದೆ ಎಲ್ಲಾದ್ರೂ ಕೊಡ್ತೀನಿ," ಎಂದು ಹೊರಟೇಬಿಟ್ಟ.

ಮೊದಲ ಪೆಟ್ರೋಲ್ ಬಂಕ್ ಬಂತು. ಅವನು ನಿಲ್ಲಿಸಲಿಲ್ಲ. ಮರಗಳ ನೆರಳಿದ್ದ ಜಾಗವೊಂದು ಬಂತು, ನಿಲ್ಲಿಸಲಿಲ್ಲ. ಗ್ಲೆನಿಸ್ ನೆನಪಿಸಿದಾಗ ಅವನ ಗಂಟಲ ನರ ಉಬ್ಬಿತು.

"ಇದು ನನ್ ಕಾರು ಕಣೇ! ಓಡಿಸೋನು ನಾನು. ನೀನು ಆ ಡಬ್ಬಿ ತಂದ್ರೂ ಅಷ್ಟೇ, ಡಬ್ಬಿ ಮಾಡ್ದೋನನ್ನೇ ಕರ್ಕೊಂಡು ಬಂದ್ರೂ ಅಷ್ಟೇ. ಮಾತು ಮುಗೀತು."

ಹೇಗೆ ಉರಿದಿರಬೇಡ ಹೇಳಿ ಅವಳಿಗೆ! ಕೈಚೀಲ ಮುಚ್ಚಿ, ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತ ಕುಳಿತಳು.

ಟೋಲ್ ಗೇಟ್ ಬಂತು. ಫ್ರಾನ್ಸಿನ ಟೋಲ್ ಗೇಟುಗಳಲ್ಲಿ ಚೀಟಿ ಕೊಡುವ ಯಂತ್ರ ಕಾರಿನ ಎಡಗಡೆಗೆ ಇರುತ್ತದೆ, ಅಲ್ಲಿಯವರು ಕೂರುವುದೇ ಎಡಗಡೆ. ಇವರ ಇಂಗ್ಲೆಂಡಿನ ಕಾರಿನಲ್ಲಿ ಸ್ಟೇರಿಂಗ್ ಬಲಕ್ಕೆ. ಅಂದಮೇಲೆ ಇಪ್ಪತ್ತಾರು ವರ್ಷದಿಂದ ಕೈ ಚಾಚಿ ಚೀಟಿ ಎಳೆಯುವುದೂ ಗ್ಲೆನಿಸಳ ಪಾಲಿನ ಕೆಲಸ.

ಡೆಸ್ಮಂಡ್ ಯಂತ್ರದ ಪಕ್ಕ ನಿಲ್ಲಿಸಿದ. ಅವಳು ಕೈ ಚಾಚಲಿಲ್ಲ.

"ಚೀಟಿ ತಗೊಳ್ಳೇ."

"ನಿನ್ ಕಾರು. ನೀನೇ ತಗೋ."

"ಏನಾಗಿದೆ ನಿಂಗೆ? ಹಿಂದೆ ಎಷ್ಟು ಗಾಡಿ ನಿಂತಿವೆ ನೋಡು!"

"ನಿಲ್ಲಲಿ ಬಿಡು, ನಂಗೇನು."

ಅವನು ಅವಳ ಮೇಲಿನಿಂದಲೇ ಬಾಗಿ ಕೈ ನೀಡಿದ. ಎಟುಕಲಿಲ್ಲ. ಹೊಟ್ಟೆ ಗೇರಿಗೆ ಸಿಕ್ಕಿಕೊಂಡು ಏದುಸಿರು ಬಂತು. ಹಿಂದಿನ ಕಾರು ಹಾರ್ನ್ ಬಾರಿಸಿತು, ಅದರ ಹಿಂದಿನದೂ ಬಾರಿಸಿತು. ಯಾರೋ ತಲೆ ಹೊರಗೆ ಹಾಕಿ ಫ್ರೆಂಚಿನಲ್ಲಿ ಬೈದ. ಗ್ಲೆನಿಸ್ ಜಪ್ಪಯ್ಯ ಎಂದರೂ ಅಲುಗಾಡಲಿಲ್ಲ. ಬೇರೆ ಗತಿಯಿಲ್ಲದೆ ಡೆಸ್ಮಂಡ್, ಎಂಜಿನ್ ಓಡುತ್ತಿದ್ದ ಹಾಗೇ, ಗೊಣಗುತ್ತ ಇಳಿದು ಮುಂದಿನಿಂದ ಸುತ್ತಿಬಂದ. ಕಾರಿಗೂ ಯಂತ್ರಕ್ಕೂ ನಡುವೆ ಹೊಟ್ಟೆ ಎಳೆದುಕೊಂಡು ತೂರಿ ಚೀಟಿ ಎಳೆದ. ಅಡ್ಡಗೋಲು ಮೇಲೆದ್ದಿತು.

ಅಷ್ಟರಲ್ಲಿ ಐವತ್ತೇಳು ವರ್ಷದ ಗ್ಲೆನಿಸ್ ಹ್ಯಾಂಡ್‌ಬ್ರೇಕಿಗೆ ಮೊಣಕಾಲು ಬಡಿಸಿಕೊಂಡು, ಲಂಗ ಹರಿದುಕೊಂಡು, ಸ್ಟೇರಿಂಗಿನ ಹಿಂದೆ ಬಂದು ಕುಳಿತಾಗಿತ್ತು. ಮಂಡಿ ಉರಿಯುತ್ತಿತ್ತು, ಆದರೂ ಎಂಥ ಸಂತೋಷ!

"ಹತ್ತೋ," ಎಂದಳು. "ಅಡ್ಡಗೋಲು ಇಳಿಯೋಕೆ ಮುಂಚೆ."

"ಗ್ಲೆನಿಸ್! ಇಳೀ ಅಲ್ಲಿಂದ!"

"ಇಳಿಯಲ್ಲ. ಅಲ್ಲೇ ನಿಂತ್ಕೋತೀಯೋ, ಹತ್ತುತೀಯೋ?"

ಅವನು ನಿಂತಿದ್ದ ಜಾಗದ ಪಕ್ಕದಲ್ಲೇ ಖಾಲಿ ಸೀಟು. ಹಾರ್ನುಗಳ ಸದ್ದಿಗೆ ಕಿವಿ ಕಿತ್ತುಹೋಗುತ್ತಿತ್ತು. ಬಾಗಿಲನ್ನು ಅರ್ಧ ತೆರೆಯುವಷ್ಟೇ ಜಾಗವಿತ್ತು. ಅದರಲ್ಲೇ ನುಸುಳಿ ಕುಳಿತ.

ಕಾರು ಹೊರಟಿತು. ಗ್ಲೆನಿಸ್ ಹೆದ್ದಾರಿ ಸೇರಿ, ಗೇರು ಬದಲಿಸಿ, ವೇಗ ಹಿಡಿದಳು. ಡಬ್ಬಿ ತನ್ನ ಪಾಡಿಗೆ ತಾನು ದಾರಿ ಹೇಳುತ್ತಿತ್ತು. ಡೆಸ್ಮಂಡ್ ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದ.

ಸ್ವಲ್ಪ ದೂರದಲ್ಲಿ ಹಂದಿಗಳನ್ನು ತುಂಬಿದ ಲಾರಿಯೊಂದು ಅಡ್ಡ ಸಿಕ್ಕಿತು. ನಾತವೆಂದರೆ ನಾತ. ಎಡಕ್ಕೆ ಸರಿದು ಅದನ್ನು ಹಿಂದಿಕ್ಕಬೇಕು, ಆದರೆ ಬಲಗಡೆ ಕುಳಿತವಳಿಗೆ ಎಡಮಗ್ಗುಲು ಪೂರ್ತಿ ಕಾಣುತ್ತಿರಲಿಲ್ಲ.

"ಎಡಗಡೆ ಹಿಂದಿಂದ ಯಾರಾದ್ರೂ ಬರ್ತಿದ್ದಾರಾ ನೋಡಿ ಹೇಳು."

ಅವನು ಸೀಟಿಗೊರಗಿ ಕಣ್ಣು ಮುಚ್ಚಿಕೊಂಡ.

"ಹೇಳ್ದಿದ್ರೆ ಬೇಡ ಬಿಡು. ಸಂಜೆ ತನಕ ಹಂದಿ ಹಿಂದೇನೇ ಹೋಗೋಣ. ನಂಗೇನೂ ಅವಸರ ಇಲ್ಲ."

ಮೂಗಿಗೆ ಕರವಸ್ತ್ರ ಒತ್ತಿಕೊಂಡು ಅವನು ಐದು ನಿಮಿಷ ತಡೆದ, ಹತ್ತು ನಿಮಿಷ ತಡೆದ. ಆಮೇಲೆ ಕುತ್ತಿಗೆ ಹೊರಳಿಸಿ ನೋಡಿದ. "ಯಾರೂ ಇಲ್ಲ. ಹೋಗು."

ಅವಳು ಆ ಕ್ಷಣವೇ ಸ್ಟೇರಿಂಗ್ ತಿರುಗಿಸಿ ಸರ್ರನೆ ಲಾರಿಯನ್ನು ದಾಟಿದಳು.

"ಏನೇ ನೀನು," ಎಂದ ಅವನು ಗಾಬರಿಯಿಂದ. "ತಿರುಗಿ ನೋಡ್ಲೇ ಇಲ್ವಲ್ಲ!"

"ನೀನು ನೋಡಿ ಹೇಳಿದ್ಯಲ್ಲ."

ಇಷ್ಟು ವರ್ಷ ಇದೇ ಸೀಟಿನಿಂದ ಅವಳು "ಹೋಗು" ಎಂದಾಗಲೆಲ್ಲ ಅವನು ನಂಬದೆ, ತಾನೇ ಇಣುಕಿ ನೋಡಿದ ಮೇಲೆಯೇ ಹೋಗುತ್ತಿದ್ದ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವನ ದನಿ ತಗ್ಗಿತು. "ಮಧ್ಯಾಹ್ನದ ಮೇಲಾದ್ರೂ ನಂಗೆ ಕೊಡ್ತೀಯಾ?"

ಗ್ಲೆನಿಸ್ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ನಾನು ಇಪ್ಪತ್ತಾರು ವರ್ಷ ಕೇಳಿದೀನಿ ಕಣೋ," ಎಂದಳು. "ನೀನು ಈಗ ತಾನೆ ಶುರು ಮಾಡಿದೀಯ."