ಅರ್ಧದಲ್ಲಿ ನಿಂತ ಸೂಜಿ

ಪಾತ್ರೆಯ ತಳದಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆಗಳು ಕೂಡಿಕೊಳ್ಳುತ್ತಿವೆ, ಒಂದೂ ಮೇಲಕ್ಕೆ ಬರುತ್ತಿಲ್ಲ, ಇನ್ನೂ ಹೊತ್ತಿದೆ ಅಂದುಕೊಂಡಳು ವೇದಾವತಿ, ಹಾಲು ಕಾಯಿಸುವ ಪಾತ್ರೆ ಇದು, ಇವರಿಗೆ ಅರ್ಧ ಲೋಟ ಹಾಲು, ಅದಕ್ಕಿಂತ ಹೆಚ್ಚು ಕುಡಿಸಬೇಡಿ ಅಂದಿದ್ದರು ಡಾಕ್ಟರು, ನೀರೂ ಹಾಗೇ, ತೀರಾ ಬಾಯಾರಿದರೆ ಐಸಿನ ಚೂರು — ಈಗ ಅದೇ ಪಾತ್ರೆಯೊಳಗೆ ತಂತಿಯಲ್ಲಿ ತೂಗಿಬಿಟ್ಟ, ಬಿಸಿ ಅಳೆಯುವ ಹಿತ್ತಾಳೆಯ ಸೆನ್ಸರು, ಕಟ್ಟೆಯ ಮೇಲೆ ಓಮ್ನಿ ವ್ಯಾನಿನಿಂದ ಬಿಚ್ಚಿಸಿ ತರಿಸಿದ ಬ್ಯಾಟರಿ, ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ದುಂಡನೆಯ ಮೀಟರು, ಇಂಜಿನ್ನಿನ ಬಿಸಿ ತೋರಿಸುವುದು, ನಲವತ್ತರಿಂದ ನೂರ ಇಪ್ಪತ್ತರವರೆಗೆ ಗೆರೆ, ಕೊನೆಯಲ್ಲಿ ಕೆಂಪು. ಸೂಜಿ ಇನ್ನೂ ಎದ್ದಿಲ್ಲ. ಜಗುಲಿಯಲ್ಲಿ ತಂಗಿಯ ಮಗ ತಿಪ್ಪೇಶ ಕೂತಿದ್ದಾನೆ, ಬೆನ್ನು ಮಾತ್ರ ಕಾಣುತ್ತದೆ, ಒಳಗೆ ಬಾರೋ ಅಂದರೆ ಇಲ್ಲೇ ಇರ್ತೀನಿ ಬುಡು ದೊಡ್ಡಮ್ಮ ಅನ್ನುತ್ತಾನೆ, ಪಾವಗಡದಿಂದ ಮಧುಗಿರಿಗೆ ಇವರನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ಬರುತ್ತಿದ್ದವನು, ಕಂಕುಳಿಗೆ ಕೈಕೊಟ್ಟು ಮಗುವಿನ ಹಾಗೆ ಇಳಿಸುತ್ತಿದ್ದವನು, ಈಗ ಸ್ಟೇರಿಂಗು ಮುಟ್ಟುವುದಿಲ್ಲ, ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಾನೆ. ಇವರು ಹೋದ ಹನ್ನೊಂದನೆಯ ದಿನ ಊಟದ ಪಂಕ್ತಿಯಲ್ಲೇ ಮೈದುನ ಅಂಜನ್ ಕುಮಾರ್ ಎಲ್ಲರೆದುರು ಅಂದುಬಿಟ್ಟ, ಫೋನು ನೋಡ್ಕಂಡು ಓಡ್ಸಿರ್ತೀಯ, ಮೀಟರ್ ಕಡೆ ಕಣ್ಣಿದ್ದಿದ್ರೆ ಇಂಜಿನ್ ಯಾಕ್ಲಾ ಸುಟ್ಟೋಗ್ತಿತ್ತು, ನಮ್ಮಣ್ಣನ್ನ ರೋಡಲ್ಲಿ ಸಾಯ್ಸ್ಬುಟ್ಟಲ್ಲೋ. ತಿಪ್ಪೇಶ ಎದ್ದು ಹೋದ, ಎಲೆ ಹಾಗೇ ಉಳಿಯಿತು, ಬಡಿಸುತ್ತಿದ್ದ ಪಕ್ಕದ ಮನೆಯ ಚಿಕ್ಕಹನುಮಕ್ಕ ಅದನ್ನು ಎತ್ತದೆ ಮೇಲೊಂದು ಎಲೆ ಕವುಚಿಟ್ಟಳು, ಹಸಿದು ವಾಪಸು ಬಂದಾನು ಅಂತ, ಯಾರೂ ಹೇಳದೆ ಮಾಡಿದ ಕೆಲಸ. ಆಮೇಲೆ ಹಿತ್ತಲಲ್ಲಿ ಸಿಕ್ಕಾಗ ಅವನು ಹೇಳಿದ್ದು ಒಂದೇ ಮಾತು, ನೋಡ್ತಾನೇ ಇದ್ದೆ ದೊಡ್ಡಮ್ಮ, ಸೂಜಿ ಅರ್ಧ ದಾಟ್ಲಿಲ್ಲ. ಅರ್ಧ ದಾಟದೆ ಇಂಜಿನ್ ಸುಡುತ್ತದೆಯೇ, ಹೆದರಿ ಸುಳ್ಳು ಹೇಳಿದನೇ, ಅವಳು ಹಿಂದಿನ ಸೀಟಿನಲ್ಲಿ ಇವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಕಂಡದ್ದು ಹುಡುಗನ ಕತ್ತಿನ ಬೆವರು ಮಾತ್ರ — ಅದಕ್ಕೇ ಈ ನೀರು, ಕುದಿಯುವ ನೀರು ಎಷ್ಟು ಬಿಸಿ ಎಂದು ಯಾರನ್ನೂ ಕೇಳಬೇಕಿಲ್ಲ, ಹೊಳವನಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದದ್ದೇ, ಸೂಜಿ ನೂರರ ಹತ್ತಿರ ಹೋದರೆ ಹುಡುಗ ನೋಡಲಿಲ್ಲ, ಹೋಗದಿದ್ದರೆ ನೋಡಿದ್ದ.

ಮೊದಲಿನ ಸೆನ್ಸರೇ ಇದ್ದಿದ್ದರೆ. ಗಾಡಿಯ ಜೊತೆ ಬಂದ ಮೀಟರು ಕೆಟ್ಟು ಯಾವ ಕಾಲವಾಯಿತೋ, ಏರು ಬಂದರೆ ಬಿಸಿಯಾಗುವ ಹಳೇ ಓಮ್ನಿ, ಅದಕ್ಕೇ ಇವರು ಶಿರಾದ ಅಬ್ದುಲ್ ರಶೀದನ ಅಂಗಡಿಯಲ್ಲಿ ಈ ಬೇರೆ ಕಂಪನಿಯ ಮೀಟರು ಕೊಂಡು, ಡ್ಯಾಶ್‌ಬೋರ್ಡಿಗೆ ತಾವೇ ತೂತು ಕೊರೆದು ಕೂರಿಸಿದ್ದರು, ನಿವೃತ್ತಿಯಾದ ಮೇಲೆ ಪ್ರಸನ್ನ ಕುಮಾರ್ ಸಾಹೇಬರು ಮೆಕ್ಯಾನಿಕ್ ಆದ್ರು ನೋಡು ಅಂತ ಅವಳು ನಕ್ಕಿದ್ದಳು. ಸೂಜಿ ಕೆಂಪಿನ ಹತ್ತಿರ ಬಂತೆಂದರೆ ಮಿಡಿಗೇಶಿಗಿಂತ ಈಚೆ ಒಂದು ಹುಣಸೆಮರ, ಅದರ ಕೆಳಗೆ ನಿಲ್ಲಿಸುವುದು, ತಣ್ಣಗಾದ ಮೇಲೆ ಕ್ಯಾನಿನಿಂದ ನೀರು ತುಂಬಿಸುವುದು, ಇವರು ಕಿಟಕಿಯಿಂದ ನೋಡುತ್ತಾ, ಗಾಡಿಗೆ ಎಷ್ಟು ಬೇಕಾದರೂ ಕುಡಿಸ್ತೀಯಲ್ಲೋ ತಿಪ್ಪೇಶ, ನಿಮ್ಮ ದೊಡ್ಡಮ್ಮ ನನಗೆ ಚಮಚದಲ್ಲಿ ಅಳೀತಾಳೆ. ಆ ನಗುವಿನಲ್ಲಿ ಒಣಗಿದ ತುಟಿ ಬಿರಿಯುತ್ತಿತ್ತು. ಒಂದು ಬೆಳಿಗ್ಗೆ ಸೂಜಿ ಏಳಲೇ ಇಲ್ಲ, ಸೆನ್ಸರು ಸತ್ತಿತ್ತು. ಸೂಜಿಯಿಲ್ಲದೆ ಆ ಏರು ಹತ್ತುವುದು ಹೇಗೆ, ಬಸ್ಸಿನಲ್ಲಿ ಇವರು ಕೂರಲಾರರು, ಮದುವೆಗಳ ಕಾಲ, ಬಾಡಿಗೆ ಕಾರು ಯಾರ ಹತ್ತಿರವೂ ಇಲ್ಲ, ಪಾವಗಡದ ಅಂಗಡಿಯವನು ಸೆನ್ಸರನ್ನು ಬೆರಳಲ್ಲಿ ತಿರುಗಿಸಿ ನೋಡಿ ಲೇದಮ್ಮ, ಈ ಕಂಪನಿದು ಈಗ ಬರೋದೇ ಇಲ್ಲ ಅಂದ, ಕೊರಟಗೆರೆಯಲ್ಲಿ ಸಿಕ್ಕಿದ್ದು ಥ್ರೆಡ್ಡಿಗೆ, ಇಂಜಿನ್ನಿನ ಆ ತಿರುಪಿನ ಸುತ್ತಿಗೆ ಕೂರಲಿಲ್ಲ, ಮಧುಗಿರಿಯವನು ಮೀಟರ್ ಸಮೇತ ಹೊಸದು ಹಾಕ್ಸ್ಕಳಿ, ತರ್ಸೋಕೆ ಟೈಮಾಗ್ತದೆ ಅಂದ, ಅಷ್ಟರಲ್ಲಿ ಡಯಾಲಿಸಿಸ್ಸಿನ ಒಂದು ಸರದಿ ತಪ್ಪಿತು, ಇವರ ಕಾಲು ಬೆರಳಿಟ್ಟರೆ ಗುಳಿ ಬೀಳುವಷ್ಟು ಊದಿತು, ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ. ಕೊನೆಗೆ ಚಿಕ್ಕಹನುಮಕ್ಕನನ್ನು ಇವರ ಹತ್ತಿರ ಬಿಟ್ಟು ತಿಪ್ಪೇಶನ ಜೊತೆ ಬಸ್ಸಿನಲ್ಲಿ ಅವಳೇ ಶಿರಾಕ್ಕೆ ಹೋದಳು. ರಶೀದ ತನ್ನ ಸ್ಟೂಲನ್ನು ನೆರಳಿಗೆ ಎಳೆದು, ಹೆಗಲ ಟವೆಲ್ಲಿನಿಂದ ಒರೆಸಿ, ಕುಂತ್ಕಳಿ ಅಮ್ಮಾ, ಮುಖ ಬಾಡೋಗೈತೆ ಅಂದು ಮನೆಯಿಂದ ಮಜ್ಜಿಗೆ ತರಿಸಿದ, ಹೆಂಡತಿ ಅಫ್ಜಲುನ್ನೀಸಾ ಅದರ ಮೇಲೊಂದು ತಟ್ಟೆ ಮುಚ್ಚಿ ಕಳಿಸಿದ್ದಳು, ರಸ್ತೆಯ ಧೂಳು ಬೀಳದಿರಲಿ ಎಂದು. ಡ್ರಾಯರುಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದ, ಇಲ್ಲ. ಎದ್ದು ಅಂಗಡಿ ಹಿಂದೆ ನಿಂತಿದ್ದ ತನ್ನದೇ ವ್ಯಾನಿನ ಕೆಳಗೆ ತೂರಿ, ಅದರ ಸೆನ್ಸರು ಬಿಚ್ಚಿ, ಅಂಗಿಯ ಅಂಚಿನಲ್ಲಿ ಉಜ್ಜಿ ಅವಳ ಅಂಗೈಗೆ ಇಟ್ಟ, ಇನ್ನೂ ಬೆಚ್ಚಗಿತ್ತು, ಥ್ರೆಡ್ ಒಂದೇ ಐತೆ ಅಮ್ಮಾ, ಕೂತ್ಕಂತದೆ, ನನ್ ಗಾಡಿ ನಿಂತ್ರೂ ನಡೀತದೆ, ಸಾರ್ದು ಆಸ್ಪತ್ರೆ ನಿಲ್ಬಾರ್ದು, ಪೈಸಾ ಮಾತು ಬ್ಯಾಡ, ದುವಾ ಮಾಡಿ ಸಾಕು. ಅವಳಿಗೆ ಕಣ್ಣು ತುಂಬಿತ್ತು. ಈ ಬೆಳಿಗ್ಗೆ ಅವನೇ ಫೋನು ಮಾಡಿದ್ದ, ಊರಲ್ಲಿ ಇರ್ಲಿಲ್ಲ ಅಮ್ಮಾ, ಇವತ್ತು ಬರ್ತೀನಿ, ಮುಖ ನೋಡ್ಕಂಡು ಹೋಗ್ತೀನಿ.

ಗುಳ್ಳೆ ಒಂದೊಂದೇ ಬಿಟ್ಟುಕೊಂಡು ಮೇಲೇಳುತ್ತಿವೆ, ಸೂಜಿ ಮೆಲ್ಲಗೆ ತಲೆಯೆತ್ತಿತು, ಅವತ್ತೂ ಹೀಗೇ ಎತ್ತಿತ್ತು, ತಿಪ್ಪೇಶ ಸೆನ್ಸರು ತಿರುಗಿಸಿ ಬಿಗಿ ಮಾಡಿ ಗಾಡಿ ಸ್ಟಾರ್ಟ್ ಮಾಡಿದಾಗ, ಇವರು ಮೀಟರಿನ ಗಾಜಿನ ಮೇಲೆ ಬೆರಳಿಟ್ಟು ಬದುಕಿಕೊಳ್ತಲ್ಲೇ ವೇದಾ ಅಂದಿದ್ದರು, ಎದ್ದಿತು ಅನ್ನುವುದೇ ಸಂತೋಷ, ಸರಿಯಾಗಿ ಎದ್ದಿತೇ ಅಂತ ಯಾರಿಗೆ ಹೊಳೆಯುತ್ತದೆ. ಮರುದಿನ ಹೊರಟದ್ದು, ಬಿಸಿಲು, ಇವರ ಎದೆಯೊಳಗೆ ಹುಕ್ಕದಲ್ಲಿ ನೀರು ಗುಳುಗುಟ್ಟುವಂಥ ಸದ್ದು, ಹುಣಸೆಮರ ಹತ್ತಿರ ಬಂದಾಗ ತಿಪ್ಪೇಶ ಅಂದ, ಗಾಡಿ ಇವತ್ತು ತಂಪಾಗೈತೆ ದೊಡ್ಡಪ್ಪ, ಸೂಜಿ ಅರ್ಧದಾಗೇ ಐತೆ, ನಿಲ್ಸಾದು ಬ್ಯಾಡ, ಬಿರ್ರನೆ ಹೋಗ್ಬುಡಾನ. ಹೋಗಪ್ಪ ಅಂದಳು ಅವಳೂ. ಮರ ಹಿಂದಕ್ಕೆ ಹೋಯಿತು. ಓಮ್ನಿಯ ಇಂಜಿನ್ನು ಮುಂದಿನ ಸೀಟಿನ ಕೆಳಗೇ, ಸೀಟು ಸುಡ್ತಿತ್ತು ದೊಡ್ಡಮ್ಮ, ಬ್ಯಾಸ್ಗೆ ಅಂದ್ಕಂಡೆ, ಅಂದಿದ್ದ ಹುಡುಗ ಅವತ್ತು — ಆಮೇಲೆ ಕಬ್ಬಿಣ ಕಬ್ಬಿಣವನ್ನು ಕಚ್ಚಿಕೊಂಡಂಥ ಸದ್ದು, ಸುಟ್ಟ ವಾಸನೆ, ಗಾಡಿ ನಿಂತೇ ಹೋಯಿತು. ತಿಪ್ಪೇಶ ಟವೆಲ್ಲು ಬೀಸುತ್ತಾ ಲಾರಿಗಳ ಎದುರು ಓಡುತ್ತಿದ್ದ. ಕುರಿ ಬಿಟ್ಟುಕೊಂಡಿದ್ದ ಹೆಂಗಸೊಬ್ಬಳು ಬಂದು, ಹೆಸರೂ ಕೇಳದೆ, ತನ್ನ ಕೊಡೆಯನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತಳು, ಬಿಸಿಲೆಲ್ಲ ಅವಳ ಬೆನ್ನಿಗೆ. ಹುಣಸೆಮರ ಬಂತೇನೆ ಅಂದರು ಇವರು. ಬಂತು ರೀ, ಇದೇ, ನೆರಳಿಲ್ವಾ ಅಂದಳು. ಆ ಕೊಡೆಯ ನೆರಳು ನೋಡುತ್ತಲೇ ಇವರ ಕಣ್ಣು ನಿಂತಿತು, ಐಸಿನ ಡಬ್ಬಿಯಲ್ಲಿ ಚೂರುಗಳು ಕರಗಿ ಬರೀ ನೀರಾಗಿದ್ದವು, ಅಷ್ಟನ್ನೂ ಕುಡಿಸಿಬಿಡಬಹುದಿತ್ತು, ಇನ್ನೇನು ಅಳತೆ. ಈ ಮೀಟರಿನ ರೀತಿ ಒಂದಿದೆ, ಕರೆಂಟು ತೆಗೆದರೂ ಸೂಜಿ ಇದ್ದಲ್ಲೇ ಇರುತ್ತದೆ, ಅವತ್ತೂ ಅರ್ಧದಲ್ಲೇ ಇದ್ದಿರಬೇಕು, ಗ್ಯಾರೇಜಿನವರು ಗಾಡಿ ಎಳೆದೊಯ್ದು ತಣ್ಣಗಾದ ಮೇಲೆ ಕೀ ತಿರುಗಿಸಿದರು, ಸೂಜಿ ಕೆಳಗಿಳಿಯಿತು, ಹುಡುಗನ ಪರವಾಗಿ ಹೇಳಬಹುದಾಗಿದ್ದ ಒಂದೇ ಒಂದು ಸಾಕ್ಷಿ.

ನೀರು ಕೊತಕೊತ ಕುದಿಯುತ್ತಿದೆ, ಸೆನ್ಸರು ಆ ಕುದಿಯಲ್ಲಿ ಪಾತ್ರೆಗೆ ಬಡಿದು ಟಿಣಿಟಿಣಿ ಅನ್ನುತ್ತಿದೆ, ಸೂಜಿ ಅರವತ್ತು ದಾಟಿತು, ಎಪ್ಪತ್ತು, ಎಂಬತ್ತು — ನಡುಗಿತು, ನಿಂತಿತು. ಗ್ಯಾಸು ದೊಡ್ಡದು ಮಾಡಿದಳು, ನೀರು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು, ಸೂಜಿ ಅಲ್ಲೇ, ಕುದಿಯುವ ನೀರನ್ನು ಬೆಚ್ಚಗಿದೆ ಅನ್ನುತ್ತದೆ, ಇಂಜಿನ್ನಿನ ನೀರು ಆವಿಯಾಗಿ ಬತ್ತುತ್ತಿದ್ದಾಗಲೂ ಇದನ್ನೇ ಅಂದಿರುತ್ತದೆ. ಒಂದು ಮೀಟರಿಗೆ ಅದರ ಜೋಡಿಯ ಸೆನ್ಸರೇ ಬೇಕು, ಥ್ರೆಡ್ ಕೂತರೆ ಸಾಲದು. ಹುಡುಗ ನೋಡಿದ್ದ. ಬಾರೋ ಇಲ್ಲಿ, ಬಾ ಅಂದಳು. ತಿಪ್ಪೇಶ ಬಂದು ಹೊಸ್ತಿಲಲ್ಲಿ ನಿಂತು ಪಾತ್ರೆ ನೋಡಿದ, ಮೀಟರು ನೋಡಿದ, ಮತ್ತೆ ಪಾತ್ರೆ, ಗೋಡೆಗೆ ಒರಗಿ ಹಾಗೇ ಜಾರಿ ಕೂತು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ಅಂಜನ್‌ಗೆ ಫೋನು ಮಾಡ್ತೀನಿ, ಈಗಲೇ ಬಂದು ಕಣ್ಣಾರೆ ನೋಡಲಿ ಅಂದಳು, ಅನ್ನುತ್ತಿರುವಾಗಲೇ ಹೊಳೆಯಿತು, ಅಂಜನ್ ಕೇಳುವ ಎರಡನೆಯ ಮಾತು ಯಾವುದು, ಹಂಗಾರೆ ಈ ದರಿದ್ರದ ಸೆನ್ಸರ್ ಕೊಟ್ಟೋನು ಯಾರು. ಇನ್ನೂ ಬೆಚ್ಚಗಿದ್ದ ಹಿತ್ತಾಳೆ, ಅಂಗೈಯಲ್ಲಿ. ತಟ್ಟೆ ಮುಚ್ಚಿದ ಮಜ್ಜಿಗೆ. ಗೇಟಿನ ಬಳಿ ಸ್ಕೂಟರು ನಿಂತ ಸದ್ದು, ಅಮ್ಮಾ, ನಾನು ರಶೀದು. ತಿಪ್ಪೇಶ ಎದ್ದ, ಮುಖ ಒರೆಸಿಕೊಂಡ, ಪಿಸುದನಿಯಲ್ಲಿ, ಕಿತ್ತಾಕ್ಬುಡು ದೊಡ್ಡಮ್ಮ, ಅವ್ರು ನೋಡ್ಬಾರ್ದು. ನಿನ್ನ ಗತಿ ಏನೋ ಅಂದಳು. ನಿನ್ಗೆ ಗೊತ್ತಾಯ್ತಲ್ಲ ಬುಡು, ಅಂಜನಪ್ಪ ಬಯ್ಕಳ್ಲಿ, ಅಭ್ಯಾಸ ಆಗೈತೆ. ಹೊರಗೆ ಚಪ್ಪಲಿ ಬಿಡುವ ಸದ್ದು, ಹಣ್ಣಿನ ಕವರಿನ ಸರಸರ, ತಿಪ್ಪೇಶ ನಡುಮನೆಗೆ ಹೋಗಿ ಬನ್ನಿ ಸಾಬ್ರೆ, ಕುಂತ್ಕಳಿ ಅನ್ನುತ್ತಿದ್ದಾನೆ, ಎಷ್ಟು ದಿನಕ್ಕೆ ಹುಡುಗನ ಬಾಯಲ್ಲಿ ಒಂದು ಇಡೀ ಮಾತು. ಅವಳು ಪಾತ್ರೆಗೆ ಮುಚ್ಚಳ ಮುಚ್ಚಿದಳು, ಬ್ಯಾಟರಿಯ ತಂತಿ ಹಿಡಿದೆಳೆದಳು, ಕಿಡಿ ಹಾರಿ ಬೆರಳು ಚುರುಗುಟ್ಟಿತು. ಏನೋ ಉಕ್ತಾ ಐತೆ ಅಮ್ಮಾ, ಒಲೆ ಮ್ಯಾಲೆ, ಅಂದ ರಶೀದ ಅಲ್ಲಿಂದಲೇ. ಟೀಗೆ ನೀರಿಟ್ಟಿದ್ದೆ ಕಣಪ್ಪ, ಬಂದೆ. ಬರಬೇಕು, ಅವನ ಎದುರು ಕೂರಬೇಕು, ನೀನು ಮಾಡಿದ ಉಪಕಾರ ಮರೆಯಲ್ಲ ಅನ್ನಬೇಕು, ಅದು ಸುಳ್ಳೂ ಅಲ್ಲ, ಮೊದಲು ಈ ಮೀಟರನ್ನು ಉಪ್ಪಿನ ಡಬ್ಬಿಯ ಹಿಂದಕ್ಕೆ ಸರಿಸಬೇಕು, ತಂತಿ ಕೈಯಲ್ಲೇ ಇದೆ, ಕರೆಂಟಿಲ್ಲ, ಸೂಜಿ ಇಳಿಯಲಿಲ್ಲ, ಇಳಿಯುವುದಿಲ್ಲ, ಅರ್ಧದಲ್ಲಿ, ಎಲ್ಲ ಸರಿಯಾಗಿದೆ ಅನ್ನುವ ಜಾಗದಲ್ಲಿ, ಹುಣಸೆಮರ ಹಿಂದಕ್ಕೆ ಹೋಗುತ್ತಿದೆ, ಸೂಜಿ ಅರ್ಧದಲ್ಲಿ, ಹೋಗಪ್ಪ, ಸೂಜಿ ಅರ್ಧದಲ್ಲೇ —