ಬೇರೆ ಡಬ್ಬಿಯ ಆಯಿಲ್

ಬಸವೇಶ ತನ್ನ ಅಣ್ಣನ ಕಂಕುಳಿಗೆ ಕೈಹಾಕಿ ಎತ್ತಿ ಗೋಡೆಗೆ ಒರಗಿಸಿದ. ಬೆನ್ನು ನಿಲ್ಲಲಿಲ್ಲ. ಇನ್ನೊಮ್ಮೆ ಎತ್ತಿ, ಕಾಲು ಮಡಚಿ, ಎದೆಗೆ ಪಂಚೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ ಮೇಲೆ ಸದಾಶಿವಪ್ಪ ಕುಳಿತರು. ಅವರ ಹೆಂಡತಿ ಚನ್ನಮಲ್ಲಮ್ಮ ಹಣೆಗೆ ವಿಭೂತಿ ಬಳಿದು, ಕೊರಳ ಲಿಂಗವನ್ನು ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. ಹಿಂದಿನ ಸಂಜೆ ಕೊಳ್ಳೇಗಾಲದ ಬಸ್ಸಿಳಿದು ಬಂಡಳ್ಳಿಯ ಮನೆಗೆ ಬಂದವರು ಎದೆ ಉರಿ ಎಂದು ಮಲಗಿದ್ದರು, ಬೆಳಗ್ಗೆ ಏಳಲಿಲ್ಲ.

ಹೊರಗೆ ಶಾಮಿಯಾನದ ಕೆಳಗೆ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಕೊಳ್ಳೇಗಾಲದಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದರೂ ಯಾರೊಂದಿಗೂ ಜಗಳವಾಡದ ಮನುಷ್ಯ ಎಂದರು. ಅಲ್ಲೇ ಟ್ಯಾಕ್ಸಿ ಓಡಿಸುವ ಗುರುಪ್ರಕಾಶ್ ತಲೆಯಾಡಿಸಿದ.

“ಒಳ್ಳೆ ಮನ್ಸ ಕಣ್ರಿ. ಆದ್ರೆ ಆಟೊಮ್ಯಾಟಿಕ್ ಗಾಡಿ ಮಾತ್ರ ಅವರ ಕೈಗೆ ಅತ್ತುತಿರ್ನಿಲ್ಲ. ಆ ದೇವಣ್ಣನ ಕಾರು ಏನಾಯ್ತು, ಗೊತ್ತಲ್ಲ.”

ಅವನು ದೇವಣ್ಣನನ್ನು ನೋಡಿರಲಿಲ್ಲ. ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿ, ಸಣಕಲು ಎಡಗಾಲನ್ನು ಎಳೆಯುತ್ತ ಬಂದಿದ್ದ ದೇವಣ್ಣ ಶಾಮಿಯಾನದ ಕಂಬ ಹಿಡಿದು ನಿಂತಿದ್ದ. ಮಾತು ಅವನ ಕಿವಿಗೆ ಬಿತ್ತು. ತಂದಿದ್ದ ಹಾರವನ್ನು ಬಿಗಿಯಾಗಿ ಹಿಡಿದು ಒಳಗೆ ಹೋದ.

*

ದೇವಣ್ಣ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯಿಸುವವನು. ಎಡಗಾಲಿಗೆ ಚಿಕ್ಕಂದಿನಿಂದಲೂ ಬಲವಿಲ್ಲ. ಕ್ಲಚ್ ಇಲ್ಲದ ಗಾಡಿ ಎಂಬ ಒಂದೇ ಕಾರಣಕ್ಕೆ ಹದಿನಾರು ವರ್ಷ ಹಳೆಯ ಆಟೊಮ್ಯಾಟಿಕ್ ಕಾರು ಕೊಂಡಿದ್ದ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅದನ್ನು ಸದಾಶಿವಪ್ಪನ ಗ್ಯಾರೇಜಿಗೆ ತಂದ. ಗೇರು ಹಾಕಿದರೆ ಕಾರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಧಕ್ಕನೆ ಮುಂದಕ್ಕೆ ಹಾರುತ್ತಿತ್ತು. ಏರಿನಲ್ಲಿ ಎಂಜಿನ್ ಅರಚಿಕೊಂಡರೂ ವೇಗ ಹೆಚ್ಚುತ್ತಿರಲಿಲ್ಲ.

ಸದಾಶಿವಪ್ಪ ಎಂಜಿನ್ ಬಿಸಿಯಾಗುವವರೆಗೆ ಕಾದರು. ಬ್ರೇಕ್ ಒತ್ತಿಕೊಂಡು ಗೇರಿನ ಹಿಡಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಸರಿಸಿದರು. ಆಮೇಲೆ ಗೇರ್‌ಬಾಕ್ಸಿನ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಕಾಗದದ ಮೇಲೆ ಒರೆಸಿದರು. ಕೆಂಪಗಿರಬೇಕಾದ ಆಯಿಲ್ ಕಾಫಿಯ ಗಸಿಯಂತಿತ್ತು. ಮೂಸಿ, ಕಾಗದವನ್ನು ದೇವಣ್ಣನ ಮೂಗಿನ ಹತ್ತಿರ ಹಿಡಿದರು. ತಳಹಿಡಿದ ಅನ್ನದ ವಾಸನೆ.

“ಆಯಿಲ್ ಸುಟ್ಟೋಗದೆ ದೇವಣ್ಣ. ಕೆಳಗಿನ ತಟ್ಟೆ ಬಿಚ್ಚಿ ನೋಡ್ಬೇಕು. ಈ ಗಾಡಿಗೆ ಆಗೋ ಆಯಿಲ್ಲೇ ಬ್ಯಾರೆ, ಮೈಸೂರಿಂದ ತರಿಸ್ತೀನಿ. ನಾಕು ದಿನ ಊರು ಬುಟ್ಟು ಆಚೆ ಓಗ್ಬೇಡಿ.”

ದೇವಣ್ಣನಿಗೆ ಅವಸರವಿತ್ತು. ಅಂಗಡಿಯಲ್ಲಿ ಸಿಗುವ ಕೆಂಪು ಆಯಿಲ್ಲನ್ನೇ ಹಾಕಿದರಾಗದೇ ಎಂದು ಕೇಳಿದ.

“ಬಣ್ಣ ಒಂದೇ ಅಂತ ಎಲ್ಲಾನೂ ಒಂದೇ ಅಲ್ಲ. ಅದನ್ನ ಉಯ್ದ್ರೆ ಒಳಗಿರೋ ಬಿಲ್ಲೆಗಳಿಗೆ ಇಡಿತಾನೇ ಸಿಗಲ್ಲ, ಜಾರ್ತವೆ.”

ಎರಡನೆಯ ದಿನ ಹನೂರಿನಾಚೆಯ ಹೂಗ್ಯಂನಿಂದ ತಂಗಿ ಫೋನು ಮಾಡಿದಳು. ಅವಳ ಮನೆಯಲ್ಲಿದ್ದ ತಾಯಿಗೆ ಉಸಿರು ಕಟ್ಟುತ್ತಿತ್ತು. ಪಕ್ಕದವರ ಜೀಪಿದೆ, ಹನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲೇ ಎಂದು ಕೇಳಿದಳು. ಬೇಡ, ನಾನೇ ಬರುತ್ತೇನೆ, ನೇರ ಮೈಸೂರಿಗೆ ಹೋಗೋಣ ಎಂದ ದೇವಣ್ಣ. ದಾರಿಯಲ್ಲಿ ಅಂಗಡಿಯೊಂದರ ಮುಂದೆ ನಿಂತು, ಕೆಂಪು ಆಯಿಲ್ಲಿನ ಎರಡು ಡಬ್ಬಿ ಕೊಂಡು ತಾನೇ ಹೊಯ್ದ. ಹನೂರು ದಾಟುವವರೆಗೆ ಕಾರು ಚೆನ್ನಾಗಿಯೇ ಓಡಿತು. ಕಾಡಿನ ಅಂಚಿನ ಏರಿನಲ್ಲಿ ಎಂಜಿನ್ ಕೂಗುತ್ತಲೇ ಇತ್ತು, ಚಕ್ರ ತಿರುಗಲಿಲ್ಲ. ಯಾರದೋ ಟೆಂಪೊ ಹತ್ತಿ ಹೂಗ್ಯಂ ತಲುಪಿದಾಗ ತಾಯಿಯ ಬಾಯಿಗೆ ನೀರು ಬಿಟ್ಟಾಗಿತ್ತು.

ಕಾರು ಯಾಕೆ ನಿಂತಿತು ಎಂದು ತಂಗಿ ಅಳುತ್ತ ಕೇಳಿದಳು. ಸದಾಶಿವಪ್ಪ ಯಾವುದೋ ಆಯಿಲ್ ಹಾಕಿಬಿಟ್ಟಿದ್ದ ಎಂದ ದೇವಣ್ಣ. ಮಾತು ಬಾಯಿಂದ ಬಾಯಿಗೆ ಹೋಗಿ ಕೊಳ್ಳೇಗಾಲ ಸೇರಿತು. ಅಂದಿನಿಂದ ಸದಾಶಿವಪ್ಪನ ಬಾಗಿಲಿಗೆ ಆಟೊಮ್ಯಾಟಿಕ್ ಗಾಡಿ ಬರಲಿಲ್ಲ. ಅವರು ಸ್ಕೂಟರು, ಟಿಲ್ಲರು ರಿಪೇರಿ ಮಾಡಿಕೊಂಡಿದ್ದರು. ಆದರೆ ಏರಿನಲ್ಲಿ ನಿಂತಿದ್ದ ಕಾರನ್ನು ಎಳೆದು ತಂದವರು ಅವರೇ. ಗೇರ್‌ಬಾಕ್ಸ್ ಬಿಚ್ಚಿ, ಸರಿಯಾದ ಆಯಿಲ್ ತುಂಬಿಸಿ, ಎರಡು ತಿಂಗಳ ಮೇಲೆ ಬಸವೇಶನ ಕೈಲಿ ಕಳಿಸಿಕೊಟ್ಟರು. ದೇವಣ್ಣ ಆ ಗ್ಯಾರೇಜಿನ ರಸ್ತೆಯಲ್ಲಿ ಮತ್ತೆ ಓಡಾಡಲಿಲ್ಲ.

*

ಹಾರ ಹಾಕಿದ ಮೇಲೂ ದೇವಣ್ಣ ಅಲ್ಲೇ ನಿಂತಿದ್ದ. ಹೆಂಗಸರು ನೀರು ತರಲು ಹಿತ್ತಿಲಿಗೆ ಹೋದಾಗ ಚನ್ನಮಲ್ಲಮ್ಮನ ಪಕ್ಕ ಬಾಗಿದ.

“ಅಕ್ಕ, ಅವತ್ತು ಆಯಿಲ್ ಉಯ್ದದ್ದು ನಾನು.”

ಅವಳು ಗಂಡನ ಮೊಣಕಾಲಿನ ಮೇಲಿಟ್ಟ ಕೈ ತೆಗೆಯಲಿಲ್ಲ.

“ಗೊತ್ತು. ತಟ್ಟೆ ಬಿಚ್ಚಿದ ದಿನಾನೇ ಅವರಿಗೆ ಗೊತ್ತಾಯ್ತು. ನಾಕ್ ಜನದ ಮುಂದೆ ಏಳಿ ಅಂದೆ. ತಾಯಿ ಕಳ್ಕಂಡವ್ನೆ, ಯಾರ್ ಮ್ಯಾಲಾರ ಸಿಟ್ಟು ಆಕ್ಬೇಕಲ್ಲ, ಬುಡು ಅಂದ್ರು. ಅವರು ಬುಟ್ರು. ನಾನು ಬುಡ್ನಿಲ್ಲ. ನಂಗ್ಯಾಕೆ ಏಳ್ತೀಯಪ್ಪ, ಆಚೆ ಕುಂತವ್ರಲ್ಲ, ಅವರಿಗೆ ಏಳು.”

ದೇವಣ್ಣ ಹೊರಗೆ ಬಂದ. ಶಾಮಿಯಾನದ ನಡುವೆ ನಿಂತು ಹೇಳಿದ. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದ. ಸದಾಶಿವಪ್ಪನವರು ಬೇಡ ಎಂದಿದ್ದರು, ಆಯಿಲ್ ಹಾಕಿದ್ದು ತಾನು, ತಂಗಿಗೆ ಹೇಳಿದ್ದು ಸುಳ್ಳು. ಯಾರೂ ಬೈಯಲಿಲ್ಲ. ಗುರುಪ್ರಕಾಶ್ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಸವೇಶ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಹೊತ್ತಾಯಿತು ಎಂದು ಜನರನ್ನು ಎಬ್ಬಿಸಿದ.

ಹೊಲದ ಬದುವಿನಲ್ಲಿ ಗುಂಡಿ ತೋಡಿದ್ದರು. ಸದಾಶಿವಪ್ಪನನ್ನು ಒಳಗೆ ಕೂರಿಸಿ, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿದರು. ಅಯ್ಯನೋರು ಮಂತ್ರ ಮುಗಿಸಿದ ಮೇಲೆ ಒಬ್ಬೊಬ್ಬರೇ ಮಣ್ಣು ಹಾಕಿ ಹಿಂದೆ ಸರಿದರು. ದೇವಣ್ಣನೂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಯಾರಾದರೂ ಬಾ ಎನ್ನಲಿ ಎಂದು ಕಾದ. ಗುದ್ದಲಿಯವರು ಮಣ್ಣೆಳೆಯತೊಡಗಿದರು. ಗುಂಡಿ ಮುಚ್ಚಿತು, ದಿಬ್ಬವಾಯಿತು, ಬಸವೇಶ ಅದರ ಮೇಲೆ ನೀರು ಚಿಮುಕಿಸಿದ. ಜನ ಬೋರ್‌ವೆಲ್ಲಿನ ಹತ್ತಿರ ಕೈಕಾಲು ತೊಳೆದುಕೊಂಡು ಊರ ಕಡೆ ನಡೆದರು. ದೇವಣ್ಣ ಬದುವಿನ ಮೇಲೆಯೇ ನಿಂತಿದ್ದ. ಬಿಗಿಹಿಡಿದ ಮಣ್ಣು ಬೆವರಿಗೆ ಕೆಸರಾಗಿ ಬೆರಳ ಸಂದಿಯಿಂದ ಜಿನುಗುತ್ತಿತ್ತು.